ಇಡೀ ವಾರ್ಡಿನ ಉಸಿರು 20 ಆಗಲು ಸಾಧ್ಯವೇ?

ವಾರ್ಡಿನಲ್ಲಿ ಬೆಡ್‌ಗೊಂದು ಜ್ವರ, ನಾಡಿ, ಉಸಿರು ಬರೆಯುವ ಟಿಪಿಆರ್ ಚಾರ್ಟ್ ಇರುತ್ತದಲ್ಲ, ಒಂದು ಸಾಲು ಪೂರ್ತಿ ತಿರುವಿ ನೋಡಿ. ಜ್ವರ ಒಬ್ಬೊಬ್ಬರದು ಒಂದೊಂದು ಥರ ಬರೆದಿರುತ್ತಾರೆ. ನಾಡಿಯೂ ಅಷ್ಟೇ, 72, 88, 104. ಆಮೇಲೆ ಉಸಿರಿನ ಕಾಲಂಗೆ ಬನ್ನಿ. 20, 20, 18, 20, 20. ಹೆರಿಗೆಯಾದ ಹುಡುಗಿಗೂ 20, ಉಬ್ಬಸದ ತಾತನಿಗೂ 20. ನಾನು ಮೂವತ್ತು ವರ್ಷ ವಾರ್ಡು, ಕ್ಲಾಸ್‌ರೂಮು ಎರಡರಲ್ಲೂ ಓಡಾಡಿದವಳು. ಈ 20 ಎಲ್ಲಿಂದ ಬರುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತು, ಯಾಕೆಂದರೆ ನಾನೂ ಬರೆದಿದ್ದೇನೆ.

ಜಿಎನ್‌ಎಂ ನರ್ಸಿಂಗ್ ಕೋರ್ಸಿನ ಎರಡನೇ ವರ್ಷ, ಸಂಜೆ ಡ್ಯೂಟಿ, ಗಂಡಸರ ಮೆಡಿಕಲ್ ವಾರ್ಡು. ಆಲೆಮನೆಯಲ್ಲಿ ಬೆಲ್ಲ ಕಾಯಿಸುವ ಒಬ್ಬರು ಕೆಮ್ಮು ಜ್ವರ ಎಂದು ಸೇರಿದ್ದರು. ಐವತ್ತರ ಆಸುಪಾಸು, ಗಟ್ಟಿ ಆಳು. ಜ್ವರ ನೋಡಿದೆ, ನಾಡಿ ಹಿಡಿದೆ, ಉಸಿರು 20 ಎಂದು ಬರೆದು ಮುಂದಿನ ಬೆಡ್‌ಗೆ ಹೋದೆ. ರಾತ್ರಿ ಡ್ಯೂಟಿಗೆ ಬಂದ ಸೀನಿಯರ್ ಸಿಸ್ಟರ್ ಆ ಬೆಡ್ ಹತ್ತಿರ ಸುಮ್ಮನೆ ನಿಂತರು. ವಾಚ್ ನೋಡಿದರು. ಒಂದು ನಿಮಿಷ ಕಳೆದ ಮೇಲೆ ನನ್ನ ಕಡೆ ತಿರುಗಿ, "ನೀನು ಎಣಿಸಿದ್ದು ಯಾರ ಉಸಿರಮ್ಮ?" ಅಂದರು. ಅವರ ಎಣಿಕೆಯಲ್ಲಿ 36 ಇತ್ತು. ಆಕ್ಸಿಜನ್ ಹಾಕಿದರು, ಡಾಕ್ಟರನ್ನು ಕರೆಸಿದರು, ಎಕ್ಸ್‌ರೇಯಲ್ಲಿ ಬಲ ಶ್ವಾಸಕೋಶದ ಕೆಳಭಾಗ ಪೂರ್ತಿ ಬೆಳ್ಳಗೆ ಕಂಡಿತು. ನ್ಯುಮೋನಿಯಾ. ಅವರು ಹುಷಾರಾಗಿ ಮನೆಗೆ ಹೋದರು, ಅದು ಅವರ ಪುಣ್ಯ. ನನ್ನ ಡ್ಯೂಟಿ ಮುಗಿದಿದ್ದರೂ ಸಿಸ್ಟರ್ ನನ್ನನ್ನು ಹಾಸ್ಟೆಲ್‌ಗೆ ಬಿಡಲಿಲ್ಲ. ಕಾಲು ಗಂಟೆಗೊಮ್ಮೆ ಪೂರ್ತಿ ಒಂದು ನಿಮಿಷ ಎಣಿಸಿ ಬರೆ ಎಂದು ಸ್ಟೂಲ್ ಹಾಕಿ ಕೂರಿಸಿದರು. ಹನ್ನೆರಡೂವರೆವರೆಗೆ.

ಹಾಗಾಗಿ ನರ್ಸಿಂಗ್ ಕಲಿಯುವವರಿಗೆ ರೋಗಿಯನ್ನು ನೋಡುವ ಪಾಠವನ್ನು ನಾನು ಉಸಿರಿನಿಂದಲೇ ಶುರು ಮಾಡುತ್ತೇನೆ. ಅದಕ್ಕೂ ಮೊದಲು ಒಂದು ಕೆಲಸ ಇದೆ.

ಮುಟ್ಟುವ ಮೊದಲು

ಬೆಡ್‌ನ ಕಾಲ ಬಳಿ ಹತ್ತು ಸೆಕೆಂಡ್ ನಿಲ್ಲಿ. ಕೈಯಲ್ಲಿ ಏನೂ ಬೇಡ, ಕಣ್ಣು ಸಾಕು. ರೋಗಿ ಆರಾಮಾಗಿ ಮಲಗಿದ್ದಾರಾ, ಇಲ್ಲ ದಿಂಬಿಗೆ ಒರಗಿ ಕೂತಿದ್ದಾರಾ? ಎರಡೂ ಕೈಯನ್ನು ಮಂಡಿಗೆ ಊರಿ ಮುಂದಕ್ಕೆ ಬಾಗಿ ಕೂತಿದ್ದರೆ ಉಸಿರಿಗೆ ಕಷ್ಟ ಪಡುತ್ತಿದ್ದಾರೆ ಎಂದೇ ಲೆಕ್ಕ. ಮಾತಾಡಿಸಿ. "ಅಜ್ಜಿ, ಊಟ ಆಯ್ತಾ? ಏನು ತಿಂದ್ರಿ?" ಅಜ್ಜಿ ಒಂದೇ ಉಸಿರಿಗೆ "ಆಯ್ತು ಕಣವ್ವ, ಮುದ್ದೆ ತಂದಿದ್ಲು ಸೊಸೆ, ಅರ್ಧ ತಿಂದೆ" ಎಂದರೆ ಎಷ್ಟೊಂದು ವಿಷಯ ಗೊತ್ತಾಯಿತು ನೋಡಿ. ಗಂಟಲಲ್ಲಿ ಅಡ್ಡಿಯಿಲ್ಲ. ಶ್ವಾಸಕೋಶದಲ್ಲಿ ಗಾಳಿ ಇದೆ. ಮೆದುಳಿಗೆ ರಕ್ತ ಹೋಗುತ್ತಿದೆ, ಪ್ರಶ್ನೆ ಅರ್ಥವಾಗಿದೆ, ನೆನಪೂ ಇದೆ. ಅದೇ ಅಜ್ಜಿ "ಆಯ್ತು..." ಎಂದು ನಿಲ್ಲಿಸಿ, ಉಸಿರು ಎಳೆದು, "ಮುದ್ದೆ..." ಎಂದರೆ ಚಾರ್ಟ್ ಆಮೇಲೆ ಬರೆಯಿರಿ, ಮೊದಲು ಯಾರನ್ನಾದರೂ ಕರೆಯಿರಿ.

ಕೈ ತೊಳೆದುಕೊಂಡು, ಹೆಸರು ಕೇಳಿ ಖಚಿತ ಮಾಡಿಕೊಂಡು, ಏನು ಮಾಡುತ್ತೀರಿ ಎಂದು ಹೇಳಿ ಮುಟ್ಟಿ. ಪರದೆ ಎಳೆಯಿರಿ. ಹೆಣ್ಣುಮಕ್ಕಳನ್ನು ನೋಡುವಾಗ ಇನ್ನೊಬ್ಬ ಹೆಂಗಸು ಜೊತೆಗಿರಲಿ. ಇದನ್ನು ಪ್ರಾಕ್ಟಿಕಲ್ ಪರೀಕ್ಷೆಯ ಅಂಕಕ್ಕೆಂದು ಕಲಿಯಬೇಡಿ.

ಉಸಿರು

ಉಸಿರಿಗೆ ಇಬ್ಬರು ಯಜಮಾನರು. ನಿದ್ದೆಯಲ್ಲೂ ನಡೆಸುವುದು ಮೆದುಳಿನ ಬುಡದ ಮೆಡುಲ್ಲಾ. ನಾವು ಬೇಕೆಂದಾಗ ಬಿಗಿಹಿಡಿಯುವುದು, ಹಾಡುವುದು, ಊದುವುದು ಮೇಲಿನ ಮೆದುಳು. ಎದೆಬಡಿತಕ್ಕೆ ಹೀಗೆ ಬೇಕೆಂದಾಗ ಹಿಡಿಯುವ ಎರಡನೇ ಯಜಮಾನ ಇಲ್ಲ. ತೊಂದರೆ ಇರುವುದೇ ಇಲ್ಲಿ. "ನಿಮ್ಮ ಉಸಿರು ಎಣಿಸ್ತೀನಿ" ಎಂದಿರೋ, ಕೆಲಸ ಕೆಟ್ಟಿತು. ಆ ಕ್ಷಣದಿಂದ ಅವರು ಫೋಟೋಗೆ ನಿಂತವರ ಹಾಗೆ ಉಸಿರಾಡುತ್ತಾರೆ.

ಅದಕ್ಕೇ ನಾಡಿಯ ನೆಪ. ರೋಗಿಯ ಕೈಯನ್ನು ಅವರ ಹೊಟ್ಟೆಯ ಮೇಲೋ ಎದೆಯ ಕೆಳಭಾಗದ ಮೇಲೋ ಇಟ್ಟು ಮಣಿಕಟ್ಟು ಹಿಡಿದುಕೊಳ್ಳಿ. ಮೊದಲು ನಾಡಿ ಎಣಿಸಿ. ಮುಗಿದ ಮೇಲೆ ಬೆರಳು ತೆಗೆಯಬೇಡಿ, ಮುಖವನ್ನೂ ನೋಡಬೇಡಿ. ಈಗ ಆ ಕೈ ಏರಿ ಇಳಿಯುವುದನ್ನು ಎಣಿಸಿ. ಒಂದು ಏರು, ಒಂದು ಇಳಿ ಸೇರಿ ಒಂದು ಉಸಿರು. ಪೂರ್ತಿ 60 ಸೆಕೆಂಡ್. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ, ಒಂದು ಉಸಿರು ತಪ್ಪಿದರೂ ಉತ್ತರದಲ್ಲಿ ನಾಲ್ಕು ತಪ್ಪುತ್ತದೆ. 20ರ ಜಾಗದಲ್ಲಿ 24 ಬರುತ್ತದೆ, 24ರ ಜಾಗದಲ್ಲಿ 20.

ಕಂಬಳಿ ಹೊದ್ದಿದ್ದರೆ ಸರಿಸಿ. ಸೀರೆ ಉಟ್ಟವರಲ್ಲಿ ಹೊಟ್ಟೆಯ ಚಲನೆ ಕಾಣದಿದ್ದರೆ ಕೊರಳೆಲುಬಿನ ಹತ್ತಿರ ಸೆರಗಿನ ಅಂಚು ನೋಡಿ, ಅದು ಏರಿಳಿಯುತ್ತದೆ. ಹಾಗೆ ನೋಡುವಾಗ ಕೊರಳೆಲುಬಿನ ಮೇಲಿನ ಗುಳಿ ಪ್ರತಿ ಉಸಿರಿಗೂ ಒಳಕ್ಕೆ ಸೆಳೆಯುತ್ತಿದೆಯಾ, ಮೂಗಿನ ಹೊಳ್ಳೆ ಅರಳುತ್ತಿದೆಯಾ ಎಂದೂ ಗಮನಿಸಿ. ಸಂಖ್ಯೆಯ ಜೊತೆ ಇದನ್ನೂ ಬರೆಯಿರಿ.

ದೊಡ್ಡವರಲ್ಲಿ ನಿಮಿಷಕ್ಕೆ 12ರಿಂದ 20 ಸಹಜ. 25 ಮುಟ್ಟಿದರೆ ಅಥವಾ 8ಕ್ಕೆ ಇಳಿದರೆ ಆಗಲೇ ಹೇಳಬೇಕಾದ ಸುದ್ದಿ. ಮಕ್ಕಳ ಲೆಕ್ಕ ಬೇರೆ. ಕೆಮ್ಮು ಇರುವ ಮಗುವಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಾಕಿದ ಗೆರೆ ಇದು: ಎರಡು ತಿಂಗಳೊಳಗಿನ ಕೂಸಿಗೆ 60, ಎರಡರಿಂದ ಹನ್ನೆರಡು ತಿಂಗಳವರೆಗೆ 50, ಒಂದರಿಂದ ಐದು ವರ್ಷದವರೆಗೆ 40. ಅಷ್ಟು ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ವೇಗದ ಉಸಿರು. ಮಗು ಅಳುತ್ತಿರುವಾಗ ಎಣಿಸಿದ್ದಕ್ಕೆ ಅರ್ಥವಿಲ್ಲ. ತಾಯಿಯ ಮಡಿಲಲ್ಲಿ ಸಮಾಧಾನವಾಗಲಿ, ಅಂಗಿ ಮೇಲೆತ್ತಿ, ಆಮೇಲೆ ಎಣಿಸಿ.

ಉಸಿರು ಯಾಕೆ ಎಲ್ಲಕ್ಕಿಂತ ಮೊದಲು ದೂರು ಹೇಳುತ್ತದೆ? ರಕ್ತದಲ್ಲಿ ಇಂಗಾಲದ ಡೈ ಆಕ್ಸೈಡ್ ಅಥವಾ ಆಮ್ಲ ಸ್ವಲ್ಪ ಏರಿದರೂ ಮೆಡುಲ್ಲಾಕ್ಕೂ ಕುತ್ತಿಗೆಯ ಕೆರೋಟಿಡ್ ರಕ್ತನಾಳದ ಬಳಿಯ ಪುಟ್ಟ ಗ್ರಾಹಕಗಳಿಗೂ ಗೊತ್ತಾಗುತ್ತದೆ. ಕೂಡಲೇ ಉಸಿರು ಜೋರಾಗುತ್ತದೆ, ಹೆಚ್ಚಿದ್ದನ್ನು ಹೊರಗೆ ಹಾಕಲು. ಅಂದರೆ ಕಾಯಿಲೆ ಶ್ವಾಸಕೋಶದಲ್ಲೇ ಇರಬೇಕಿಲ್ಲ. ಸೋಂಕು ರಕ್ತಕ್ಕೆ ಹರಡಿದವರು, ಸಕ್ಕರೆ ಕಾಯಿಲೆ ಕೈಮೀರಿ ರಕ್ತ ಆಮ್ಲೀಯವಾದವರು ಎದೆ ಚೆನ್ನಾಗಿದ್ದರೂ ಜೋರಾಗಿ ಉಸಿರಾಡುತ್ತಾರೆ. ಸಕ್ಕರೆಯವರದು ಆಳವಾದ, ದೊಡ್ಡ ದೊಡ್ಡ ಉಸಿರು. ಬಾಯಲ್ಲಿ ಮಾಗಿದ ಹಣ್ಣಿನ ಥರದ ವಾಸನೆಯೂ ಬರಬಹುದು.

ಇನ್ನೊಂದು ಲೆಕ್ಕ ಇದೆ, ಪುಸ್ತಕದಲ್ಲಿ ಓದಿದರೆ ತಲೆಗೆ ಹತ್ತುವುದಿಲ್ಲ, ಒಂದು ಹಾಳೆ ತಗೊಂಡು ನೀವೇ ಹಾಕಿ. ಆರಾಮಾಗಿ ಕೂತಾಗ ಒಂದು ಉಸಿರಿಗೆ ಸುಮಾರು 500 ಮಿಲಿ ಗಾಳಿ ಒಳಗೆ ಹೋಗುತ್ತದೆ. ಅದರಲ್ಲಿ 150 ಮಿಲಿಯಷ್ಟು ಮೂಗು, ಗಂಟಲು, ಶ್ವಾಸನಾಳದಲ್ಲೇ ಉಳಿಯುತ್ತದೆ. ಗಾಳಿಗೂಡಿಗೆ ತಲುಪುವುದಿಲ್ಲ, ರಕ್ತಕ್ಕೂ ಸಿಗುವುದಿಲ್ಲ. ಈಗ ಇಬ್ಬರನ್ನು ತಗೊಳ್ಳಿ. ಒಬ್ಬರು ನಿಮಿಷಕ್ಕೆ 16 ಸಲ, ಸಲಕ್ಕೆ 500 ಮಿಲಿ. ಇನ್ನೊಬ್ಬರು ಪಕ್ಕೆಲುಬಿನ ನೋವಿಗೆ ಹೆದರಿ ಮೇಲೆಮೇಲೆ, ನಿಮಿಷಕ್ಕೆ 40 ಸಲ, ಸಲಕ್ಕೆ 200 ಮಿಲಿ. ಇಬ್ಬರೂ ನಿಮಿಷಕ್ಕೆ 8 ಲೀಟರ್ ಎಳೆಯುತ್ತಾರೆ. ಆದರೆ ಕೆಲಸಕ್ಕೆ ಬರುವ ಗಾಳಿ? ಮೊದಲನೆಯವರಿಗೆ 350 ಇಂಟು 16, ಅಂದರೆ 5.6 ಲೀಟರ್. ಎರಡನೆಯವರಿಗೆ 50 ಇಂಟು 40, ಬರೀ 2 ಲೀಟರ್. ದಣಿದದ್ದು ಜಾಸ್ತಿ, ಸಿಕ್ಕಿದ್ದು ಕಮ್ಮಿ. ಉಸಿರಿನ ಸಂಖ್ಯೆ ಜೊತೆ ಆಳ ಎಷ್ಟು ಎಂದು ಬರೆಯಿರಿ ಎಂದು ನಾನು ಗೊಣಗುವುದು ಇದಕ್ಕೇ.

ನಾಡಿ

ತೋರು, ನಡು, ಉಂಗುರ, ಈ ಮೂರು ಬೆರಳ ತುದಿ. ಹೆಬ್ಬೆರಳು ಬೇಡ, ಅದರಲ್ಲಿ ನಿಮ್ಮದೇ ನಾಡಿ ಜೋರಾಗಿ ಹೊಡೆಯುತ್ತದೆ, ಎಣಿಸಿದ್ದು ಯಾರದ್ದೋ ಆಗುತ್ತದೆ. ರೋಗಿಯ ಹೆಬ್ಬೆರಳಿನ ಬುಡದಿಂದ ಕೆಳಗೆ, ಮಣಿಕಟ್ಟಿನ ಹೊರ ಅಂಚಿನ ಎಲುಬಿನ ಮೇಲೆ ಇಡಿ. ಬಾಳೆಹಣ್ಣು ಹಣ್ಣಾಗಿದೆಯಾ ಎಂದು ಒತ್ತಿ ನೋಡುವಷ್ಟು ಭಾರ ಸಾಕು. ಜಾಸ್ತಿ ಒತ್ತಿದರೆ ನಾಡಿಯೇ ಮುಚ್ಚಿ ಹೋಗುತ್ತದೆ. ಹುಡುಗರು ಗಾಬರಿಯಿಂದ "ಮೇಡಂ, ಪಲ್ಸ್ ಇಲ್ಲ" ಎಂದು ಓಡಿ ಬರುವುದು ಸಾಮಾನ್ಯವಾಗಿ ಈ ಕಾರಣಕ್ಕೆ. ರೋಗಿ ಅಲ್ಲಿ ಪೇಪರ್ ಓದುತ್ತಾ ಕೂತಿರುತ್ತಾರೆ.

ದೊಡ್ಡವರಲ್ಲಿ 60ರಿಂದ 100. ಲಯ ಸರಿಯಾಗಿದ್ದರೆ 30 ಸೆಕೆಂಡ್ ಎಣಿಸಿ ಎರಡರಿಂದ ಗುಣಿಸಬಹುದು. ಲಯ ತಪ್ಪಿದ್ದರೆ ಪೂರ್ತಿ ನಿಮಿಷ. ಯಾವ ತಾಳಕ್ಕೂ ಸಿಗದ ಹಾಗೆ ಏರುಪೇರಾಗಿದ್ದರೆ ಇನ್ನೊಬ್ಬರನ್ನು ಕರೆದು, ಅವರು ಸ್ಟೆತಸ್ಕೋಪ್‌ನಲ್ಲಿ ಎದೆಬಡಿತ, ನೀವು ಮಣಿಕಟ್ಟಿನಲ್ಲಿ ನಾಡಿ, ಒಂದೇ ವಾಚ್ ನೋಡಿಕೊಂಡು ಒಂದೇ ನಿಮಿಷ ಎಣಿಸಿ. ಎದೆಯಲ್ಲಿ 112, ಕೈಯಲ್ಲಿ 88 ಎಂದರೆ 24 ಬಡಿತ ಕೈವರೆಗೆ ಬಂದೇ ಇಲ್ಲ. ಹೃದಯ ತುಂಬುವ ಮೊದಲೇ ಹಿಂಡಿಬಿಟ್ಟಿದೆ, ಖಾಲಿ ಪಂಪ್ ಹೊಡೆದ ಹಾಗೆ. ಹೃದಯದ ಮೇಲಿನ ಕೋಣೆಗಳು ಲಯ ತಪ್ಪಿ ಅದುರುವ ಏಟ್ರಿಯಲ್ ಫಿಬ್ರಿಲೇಶನ್‌ನಲ್ಲಿ ಇದು ಆಗುತ್ತದೆ.

ಬಿಪಿ

ಇದನ್ನು ತಪ್ಪಾಗಿ ನೋಡುವುದು ಎಷ್ಟು ಸುಲಭ ಎಂದರೆ, ಸರಿಯಾಗಿ ನೋಡುವವರನ್ನು ಕಂಡರೆ ನನಗೆ ಆಶ್ಚರ್ಯ.

ಮೊದಲು ಬಿಪಿ ಎಂದರೇನು ಎಂದು ತಿಳಿದಿರಲಿ. ವಿಶ್ರಾಂತಿಯಲ್ಲಿ ಹೃದಯ ಒಂದು ಬಡಿತಕ್ಕೆ ಸುಮಾರು 70 ಮಿಲಿ ರಕ್ತ ತಳ್ಳುತ್ತದೆ. ನಿಮಿಷಕ್ಕೆ 70 ಬಡಿತ ಎಂದರೆ 5 ಲೀಟರ್ ಹತ್ತಿರ. ಮೈಯಲ್ಲಿರುವ ರಕ್ತವೇ ಸುಮಾರು ಅಷ್ಟು. ಈ ಹರಿವು ಒಂದು ಕಡೆ, ರಕ್ತನಾಳಗಳ ಬಿಗಿ ಇನ್ನೊಂದು ಕಡೆ. ಎರಡೂ ಸೇರಿ ಒತ್ತಡ. ಹಿತ್ತಲಲ್ಲಿ ಗಿಡಕ್ಕೆ ನೀರು ಬಿಡುವಾಗ ನಲ್ಲಿಯಲ್ಲಿ ನೀರು ಸಣ್ಣಗೆ ಬರುತ್ತಿದ್ದರೆ ಏನು ಮಾಡುತ್ತೀರಿ? ಪೈಪಿನ ಬಾಯಿಗೆ ಹೆಬ್ಬೆಟ್ಟು ಅಡ್ಡ ಹಿಡಿಯುತ್ತೀರಿ. ನೀರು ಅಷ್ಟೇ, ಆದರೂ ದೂರ ಹಾರುತ್ತದೆ. ರಕ್ತ ಹೋಗುತ್ತಿರುವಾಗ ದೇಹ ಮಾಡುವುದೂ ಇದನ್ನೇ. ಕೈಕಾಲಿನ ಸಣ್ಣ ನಾಳಗಳನ್ನು ಬಿಗಿ ಮಾಡುತ್ತದೆ, ಹೃದಯವನ್ನು ಓಡಿಸುತ್ತದೆ. ಬಿಪಿ ಹಾಗೇ ನಿಲ್ಲುತ್ತದೆ. ಆರೋಗ್ಯವಾಗಿದ್ದವರಲ್ಲಿ ಮೂರನೇ ಒಂದು ಪಾಲಿನ ಹತ್ತಿರ ರಕ್ತ ಹೋಗುವವರೆಗೂ ಮೇಲಿನ ಬಿಪಿ ಬೀಳದೇ ಇರಬಹುದು. ಆಮೇಲೆ ಬೀಳುತ್ತದೆ, ದಬಕ್ಕನೆ.

ಹೆರಿಗೆ ವಾರ್ಡಿನಲ್ಲಿ "ಬಿಪಿ 110-70 ಇದೆ ಮೇಡಂ, ನಾರ್ಮಲ್" ಎಂದು ಯಾರಾದರೂ ಹೇಳಿದರೆ ನಾನು ನಾಡಿ ಎಷ್ಟು ಎಂದು ಕೇಳುತ್ತೇನೆ. ನಾಡಿ 120 ಇದ್ದು, ಕೈ ತಣ್ಣಗೆ ಬೆವರಿದ್ದರೆ ಅದು ನಾರ್ಮಲ್ ಅಲ್ಲ. ನಾಡಿಯ ಸಂಖ್ಯೆ ಮೇಲಿನ ಬಿಪಿಯನ್ನು ದಾಟಿದರೆ ಬಟ್ಟೆ ಸರಿಸಿ ರಕ್ತ ಎಷ್ಟು ಹೋಗಿದೆ ನೋಡಿ, ಸಹಾಯಕ್ಕೆ ಕೂಗಿ.

ಈಗ ನೋಡುವ ಬಗೆ. ರೋಗಿ ಐದು ನಿಮಿಷ ಸುಮ್ಮನೆ ಕೂತಿರಬೇಕು. ಬಸ್ ಇಳಿದು ಓಪಿಡಿ ಮೆಟ್ಟಿಲು ಹತ್ತಿ ಬಂದವರ ಬಿಪಿ ಮೆಟ್ಟಿಲಿನ ಬಿಪಿ. ಕಾಫಿ, ಬೀಡಿ ಆಗಿದ್ದರೆ ಅರ್ಧ ಗಂಟೆ ಬಿಡಿ. ಮೂತ್ರಕ್ಕೆ ಅವಸರವಾಗಿದ್ದರೆ ಮೊದಲು ಹೋಗಿ ಬರಲಿ. ಬೆನ್ನಿಗೆ ಆಸರೆ, ಪಾದ ನೆಲಕ್ಕೆ, ಕಾಲ ಮೇಲೆ ಕಾಲು ಬೇಡ. ಕೈ ಮೇಜಿನ ಮೇಲೆ, ತೋಳಿಗೆ ಸುತ್ತಿ ಗಾಳಿ ತುಂಬುವ ಪಟ್ಟಿ, ಅಂದರೆ ಕಫ್, ಹೃದಯದ ಮಟ್ಟಕ್ಕೆ ಬರುವ ಹಾಗೆ. ಕೈ ಜೋತುಬಿದ್ದು ಕಫ್ ಸುಮಾರು 13 ಸೆಂಟಿಮೀಟರ್ ಕೆಳಗಿಳಿದರೆ ಓದಿಕೆಯಲ್ಲಿ 10 ಏರುತ್ತದೆ. ಇದು ಬರೀ ದ್ರವದ ಭಾರದ ಲೆಕ್ಕ. ಮತ್ತೆ, ಮಾತು ಬೇಡ. ರೋಗಿಗೂ ಬೇಡ, ನಿಮಗೂ ಬೇಡ. ನಮ್ಮ ಕಡೆ ಕಫ್ ಕಟ್ಟುತ್ತಿದ್ದ ಹಾಗೆ "ನಿಮ್ದು ಯಾವೂರು ಸಿಸ್ಟರಮ್ಮ?" ಎಂದು ಶುರು ಮಾಡುತ್ತಾರೆ. "ಆಮೇಲೆ ಹೇಳ್ತೀನಿ ಯಜಮಾನ್ರೇ" ಎಂದು ನಗಿ.

ರವಿಕೆಯ ತೋಳು, ಅಂಗಿಯ ತೋಳು ಮೇಲಕ್ಕೆ ಸುತ್ತಿ ಬಿಗಿಯಾದರೆ ಅದೇ ಇನ್ನೊಂದು ಕಫ್ ಆಗುತ್ತದೆ. ತೋಳು ಬಿಡಿಸಿ. ತೋಳಿಗೆ ತಾಯತ ಕಟ್ಟಿದ್ದರೆ ಕೇಳಿಕೊಂಡು ಸರಿಸಿ, ನೀವಾಗೇ ಬಿಚ್ಚಬೇಡಿ. ಕಫ್‌ನೊಳಗಿನ ರಬ್ಬರ್ ಚೀಲದ ಅಗಲ ತೋಳಿನ ಸುತ್ತಳತೆಯ 40 ಶೇಕಡಾ, ಉದ್ದ 80 ಶೇಕಡಾ ಇರಬೇಕು. ದಪ್ಪ ತೋಳಿಗೆ ಚಿಕ್ಕ ಕಫ್ ಕಟ್ಟಿದರೆ ಇಲ್ಲದ ಬಿಪಿ ಬರುತ್ತದೆ. ವಾರ್ಡಿನಲ್ಲಿ ಒಂದೇ ಅಳತೆಯ ಕಫ್ ಇಟ್ಟುಕೊಂಡು ದಪ್ಪಗಿರುವವರಿಗೆಲ್ಲ ಬಿಪಿ ಇದೆ ಎನ್ನುವುದು ನ್ಯಾಯವಲ್ಲ. ದೊಡ್ಡ ಕಫ್ ಕೇಳಿ ತರಿಸಿಕೊಳ್ಳಿ.

ಡಯಾಲಿಸಿಸ್‌ಗೆ ಫಿಸ್ಟುಲಾ (ಎರಡು ರಕ್ತನಾಳ ಜೋಡಿಸಿದ ಜಾಗ) ಮಾಡಿಸಿಕೊಂಡ ಕೈಗೆ ಕಫ್ ಕಟ್ಟಲೇಬಾರದು. ಆ ಜಾಗದಲ್ಲಿ ಬೆರಳಿಟ್ಟರೆ ಬೆಕ್ಕು ಗುರುಗುಟ್ಟಿದ ಹಾಗೆ ಕಂಪನ ಸಿಗುತ್ತದೆ. ಅದೇ ಅವರ ಜೀವನಾಡಿ. ಸ್ತನದ ಆಪರೇಶನ್ ಆಗಿ ಕಂಕುಳ ಗ್ರಂಥಿ ತೆಗೆದ ಕಡೆಯ ಕೈಯನ್ನೂ ಬಿಡಿ, ಡ್ರಿಪ್ ಓಡುತ್ತಿರುವ ಕೈಯನ್ನೂ ಬಿಡಿ.

ಕಫ್ ಕಟ್ಟಿದ ಕೂಡಲೇ ಸ್ಟೆತಸ್ಕೋಪ್ ಇಡಬೇಡಿ. ಮೊದಲು ಮಣಿಕಟ್ಟಿನ ನಾಡಿ ಹಿಡಿದುಕೊಂಡು ಗಾಳಿ ತುಂಬಿ. ನಾಡಿ ಎಲ್ಲಿ ಮಾಯವಾಯಿತೋ ಆ ಸಂಖ್ಯೆ ನೆನಪಿಟ್ಟುಕೊಳ್ಳಿ. ಗಾಳಿ ಪೂರ್ತಿ ಬಿಡಿ. ಅರ್ಧ ನಿಮಿಷ ಕಳೆದು, ಮೊಣಕೈ ಮಡಿಕೆಯ ಒಳಮಗ್ಗುಲಲ್ಲಿ ನಾಡಿ ಹುಡುಕಿ ಸ್ಟೆತಸ್ಕೋಪ್ ಇಟ್ಟು, ಆ ಸಂಖ್ಯೆಗಿಂತ 30 ಜಾಸ್ತಿ ತುಂಬಿ. ಆಮೇಲೆ ಸೆಕೆಂಡಿಗೆ 2ರಿಂದ 3ರಂತೆ ಇಳಿಸಿ. ಮೊದಲ ಟಕ್ ಮೇಲಿನ ಬಿಪಿ. ಶಬ್ದ ಪೂರ್ತಿ ನಿಂತದ್ದು ಕೆಳಗಿನ ಬಿಪಿ.

ನಾಡಿ ಹಿಡಿಯುವ ಆ ಮೊದಲ ಹೆಜ್ಜೆಯನ್ನು ಎಲ್ಲರೂ ಹಾರಿಸುತ್ತಾರೆ. ಯಾಕೆ ಬೇಕು ಎಂದರೆ, ಕೆಲವು ವಯಸ್ಸಾದ ಬಿಪಿಯವರಲ್ಲಿ ಶಬ್ದ 190ಕ್ಕೆ ಶುರುವಾಗಿ, 170ಕ್ಕೆ ಮಾಯವಾಗಿ, ಮತ್ತೆ 150ಕ್ಕೆ ಬರುತ್ತದೆ. ನಡುವೆ ಮೌನ. ನೀವು ಅಂದಾಜಿನಲ್ಲಿ 165ಕ್ಕೆ ತುಂಬಿ ನಿಲ್ಲಿಸಿದರೆ ಕೇಳುವ ಮೊದಲ ಶಬ್ದ 150. 190 ಇರುವ ಅಜ್ಜನಿಗೆ 150 ಬರೆದು ಮನೆಗೆ ಕಳಿಸುತ್ತೀರಿ. ಕಿವಿಗೆ ಕೇಳದ್ದು ಬೆರಳಿಗೆ ಸಿಗುತ್ತದೆ.

ಈ ಶಬ್ದಗಳನ್ನು ಮೊದಲು ವಿವರಿಸಿದವರು ರಷ್ಯಾದ ಸರ್ಜನ್ ನಿಕೊಲಾಯ್ ಕೊರೊಟ್ಕೊಫ್, 1905ರಲ್ಲಿ. ಅವರ ವರದಿ ಒಂದು ಪುಟವೂ ಇರಲಿಲ್ಲ. ಕಫ್ ಅದಕ್ಕಿಂತ ಮೊದಲೇ, 1896ರಲ್ಲಿ ಇಟಲಿಯ ರಿವಾ-ರೊಚ್ಚಿ ಕೈಯಲ್ಲಿ ಬಂದಿತ್ತು. ಆದರೆ ಆಗ ನಾಡಿ ಮುಟ್ಟಿ ಮೇಲಿನ ಸಂಖ್ಯೆ ಮಾತ್ರ ನೋಡುತ್ತಿದ್ದರು.

ಡಯಲ್‌ನಲ್ಲಿ ಗೆರೆಗಳು ಎರಡೆರಡರ ಅಂತರದಲ್ಲಿವೆ. ಹಾಗಾಗಿ 128, 134, 76 ಹೀಗೆಲ್ಲ ಬರಬೇಕು. ನಿಮ್ಮ ಒಂದು ವಾರದ ಚಾರ್ಟ್‌ನಲ್ಲಿ ಪ್ರತಿ ಬಿಪಿಯೂ ಸೊನ್ನೆಯಲ್ಲೇ ಮುಗಿದಿದ್ದರೆ ನೀವು ಸರಿಯಾಗಿ ಓದಿಲ್ಲ, ದುಂಡು ಮಾಡಿದ್ದೀರಿ. ಮತ್ತೊಂದು: ತಲೆ ಸುತ್ತುತ್ತದೆ ಎನ್ನುವವರಿಗೆ ಮಲಗಿಸಿ ಒಮ್ಮೆ, ನಿಲ್ಲಿಸಿ ಮೂರು ನಿಮಿಷದೊಳಗೆ ಇನ್ನೊಮ್ಮೆ ನೋಡಿ. ಮೇಲಿನದು 20 ಅಥವಾ ಕೆಳಗಿನದು 10 ಇಳಿದರೆ ಅದೇ ಕಾರಣ ಇರಬಹುದು. ನಿಲ್ಲಿಸುವಾಗ ಹಿಡಿದುಕೊಳ್ಳಲು ಒಬ್ಬರು ಬೇಕು.

ಜ್ವರ, ಸ್ಯಾಚುರೇಶನ್

ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಯಂತ್ರಗಳು ಒಳ್ಳೆಯವು ಬಂದಿವೆ. ಕಂಕುಳಲ್ಲಿ ಇಡುವ ಮೊದಲು ಬೆವರು ಒರೆಸಿ. ಕಂಕುಳಿನ ಓದಿಕೆ ಬಾಯಿಯದಕ್ಕಿಂತ ಅರ್ಧ ಡಿಗ್ರಿ ಸೆಲ್ಸಿಯಸ್‌ನಷ್ಟು ಕಮ್ಮಿ ಇರುತ್ತದೆ, ಆದ್ದರಿಂದ ಎಲ್ಲಿ ಇಟ್ಟಿರಿ ಎಂದು ಬರೆಯಿರಿ. ಬಾಯಲ್ಲಿ ನೋಡುವುದಾದರೆ ಬಿಸಿ ಕಾಫಿ ಕುಡಿದ ಕೂಡಲೇ ಬೇಡ.

ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರನ್ನು ಕೋವಿಡ್ ಮನೆಮನೆಗೆ ತಂದಿತು. ಅದು ಕೆಂಪು ಮತ್ತು ಇನ್‌ಫ್ರಾರೆಡ್ ಬೆಳಕು ಹಾಯಿಸಿ, ಎಷ್ಟು ಹೀರಿಕೆಯಾಯಿತು ಎಂದು ನೋಡಿ, ರಕ್ತದ ಹಿಮೋಗ್ಲೋಬಿನ್ ಶೇಕಡಾ ಎಷ್ಟು ಆಕ್ಸಿಜನ್ ಹೊತ್ತಿದೆ ಎಂದು ಲೆಕ್ಕ ಹಾಕುತ್ತದೆ. ಅದೇ ಸ್ಯಾಚುರೇಶನ್. ನೇಲ್ ಪಾಲಿಶ್ ಇದ್ದರೆ ಒರೆಸಿ, ಮದುವೆಮನೆಯಿಂದ ಬಂದವರ ಬೆರಳ ತುದಿಗೆ ಕಡು ಮೆಹಂದಿ ಇದ್ದರೆ ಕಿವಿಯ ಹಾಲೆಗೆ ಹಾಕುವ ಪ್ರೋಬ್ ಹುಡುಕಿ. ಕೈ ತಣ್ಣಗಿದ್ದರೆ ಉಜ್ಜಿ ಬಿಸಿ ಮಾಡಿ. ಪರದೆಯಲ್ಲಿ ತೋರಿಸುವ ನಾಡಿ ನೀವು ಎಣಿಸಿದ ನಾಡಿಗೆ ಹೊಂದಬೇಕು, ಇಲ್ಲದಿದ್ದರೆ ಸ್ಯಾಚುರೇಶನ್ ಸಂಖ್ಯೆಯನ್ನೂ ನಂಬಬೇಡಿ. ಒಂದು ಎಚ್ಚರಿಕೆ: ಹಿಮೋಗ್ಲೋಬಿನ್ ಬರೀ 5 ಇರುವವರಲ್ಲೂ ಸ್ಯಾಚುರೇಶನ್ 99 ತೋರಿಸಬಹುದು. ಇರುವ ನಾಲ್ಕು ಬಸ್ಸೂ ಭರ್ತಿ, ಆದರೆ ಊರಿಗೆ ಬೇಕಾದದ್ದು ಹತ್ತು ಬಸ್ಸು.

ಕಣ್ಣು, ಉಗುರು, ಕಾಲು

ಆ ಬಸ್ಸಿನ ಕೊರತೆ ಕಂಡುಹಿಡಿಯಲು ಕೆಳರೆಪ್ಪೆ ಎಳೆದು ಒಳಗಿನ ಬಣ್ಣ ನೋಡಿ. ನಾಲಿಗೆ, ಅಂಗೈ, ಉಗುರಿನ ಬುಡ. ಒಂದೇ ಕಡೆ ನೋಡಿ ತೀರ್ಮಾನ ಬೇಡ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ 57 ಶೇಕಡಾ ಮಂದಿಗೆ ರಕ್ತಹೀನತೆ. ನಿಮ್ಮ ಕ್ಲಾಸಿನಲ್ಲೇ ಪಕ್ಕದವಳ ರೆಪ್ಪೆ ಎಳೆದು ನೋಡಿ, ಪೇಶೆಂಟ್ ಹುಡುಕಿಕೊಂಡು ಹೋಗಬೇಕಿಲ್ಲ.

ಕಾಮಾಲೆ ನೋಡಲು ರೋಗಿಯನ್ನು ಕಿಟಕಿಯ ಹತ್ತಿರ ಕರೆಯಿರಿ. ಹಳದಿ ಬಲ್ಬಿನ ಕೆಳಗೆ ಎಲ್ಲರ ಕಣ್ಣೂ ಹಳದಿಯೇ. ಮೇಲಿನ ರೆಪ್ಪೆ ಎತ್ತಿ, ಕೆಳಗೆ ನೋಡಿ ಎಂದು ಹೇಳಿ ಬಿಳಿಯ ಭಾಗ ಪರೀಕ್ಷಿಸಿ.

ಕಾಲು ಊದಿದೆ ಎಂದರೆ ಮೊಣಕಾಲಿನ ಕೆಳಗಿನ ಮುಂದಿನ ಎಲುಬಿನ ಮೇಲೆ ಹೆಬ್ಬೆರಳಿನಿಂದ ಐದು ಸೆಕೆಂಡ್‌ಗಿಂತ ಜಾಸ್ತಿ ಒತ್ತಿ. ಗುಳಿ ಉಳಿಯಿತಾ? ಬಹಳ ದಿನದಿಂದ ಮಲಗಿದವರಲ್ಲಿ ನೀರು ಕಾಲಿಗೆ ಇಳಿಯುವುದಿಲ್ಲ, ಸೊಂಟದ ಹಿಂಭಾಗಕ್ಕೆ ಸೇರುತ್ತದೆ. ಅಲ್ಲೂ ಒತ್ತಿ ನೋಡಿ.

ಎದೆ: ತಟ್ಟುವುದು, ಕೇಳುವುದು

ಹಲಸಿನಹಣ್ಣನ್ನು ತಟ್ಟಿ ನೋಡದೆ ಕೊಳ್ಳುವವರುಂಟೆ? ಶಬ್ದದಲ್ಲೇ ಹಣ್ಣು, ಕಾಯಿ ಗೊತ್ತಾಗುತ್ತದೆ. ಎದೆ ತಟ್ಟುವ ವಿದ್ಯೆಯನ್ನು 1761ರಲ್ಲಿ ಪ್ರಕಟಿಸಿದ ಆಸ್ಟ್ರಿಯಾದ ಲಿಯೋಪೋಲ್ಡ್ ಔವನ್‌ಬ್ರುಗರ್ ವಸತಿಗೃಹ ನಡೆಸುತ್ತಿದ್ದವರ ಮಗ. ವೈನ್ ಪೀಪಾಯಿಯಲ್ಲಿ ಎಷ್ಟು ಉಳಿದಿದೆ ಎಂದು ತಟ್ಟಿ ನೋಡುವುದನ್ನು ಮನೆಯಲ್ಲೇ ಕಂಡಿದ್ದರು ಎನ್ನುತ್ತಾರೆ.

ನೀವು ಅಕ್ಕಿ ಡಬ್ಬದಲ್ಲಿ ಕಲಿಯಿರಿ. ತಗಡಿನ ಡಬ್ಬಕ್ಕೆ ಅರ್ಧ ಅಕ್ಕಿ ಇರಲಿ. ಕಣ್ಣು ಮುಚ್ಚಿ, ಎಡಗೈ ನಡುಬೆರಳನ್ನು ಡಬ್ಬಕ್ಕೆ ಒತ್ತಿ ಇಟ್ಟು, ಅದರ ಮೇಲ್ತುದಿಯ ಗಿಣ್ಣಿನ ಮೇಲೆ ಬಲಗೈ ನಡುಬೆರಳ ತುದಿಯಿಂದ ತಟ್ಟಿ. ಅಲುಗಾಡಬೇಕಾದ್ದು ಮಣಿಕಟ್ಟು, ಮೊಣಕೈ ಅಲ್ಲ. ತಟ್ಟಿದ ಬೆರಳು ಬಿಸಿ ತವೆ ಮುಟ್ಟಿದ ಹಾಗೆ ತಕ್ಷಣ ಹಿಂದೆ ಬರಬೇಕು. ಮೇಲಿನಿಂದ ಇಳಿಯುತ್ತಾ ಬನ್ನಿ. ಶಬ್ದ ಎಲ್ಲಿ ಮಂದವಾಯಿತೋ ಅಲ್ಲಿ ಅಕ್ಕಿ. ಎದೆಯಲ್ಲೂ ಅಷ್ಟೇ, ಗಾಳಿ ಇರುವಲ್ಲಿ ಟೊಳ್ಳು ಶಬ್ದ, ನೀರು ತುಂಬಿದ್ದರೆ ಕಲ್ಲಿನ ಮೇಲೆ ತಟ್ಟಿದ ಹಾಗೆ. ಉಗುರು ಕತ್ತರಿಸಿರಬೇಕು, ಇಲ್ಲದಿದ್ದರೆ ನಿಮಗೇ ನೋವು.

ಸ್ಟೆತಸ್ಕೋಪ್‌ನ ಕಿವಿಯ ತುದಿಗಳು ಮೂಗಿನ ಕಡೆಗೆ ಬಾಗಿರಬೇಕು, ಕಿವಿಯ ಕಾಲುವೆ ಹೋಗುವುದೇ ಆ ಕಡೆಗೆ. ತಿರುಗಾಮುರುಗಾ ಹಾಕಿಕೊಂಡು "ಏನೂ ಕೇಳಿಸ್ತಿಲ್ಲ" ಎನ್ನುವವರು ಪ್ರತಿ ಬ್ಯಾಚ್‌ನಲ್ಲೂ ನಾಲ್ಕು ಜನ. ಬಿಲ್ಲೆಯನ್ನು ಅಂಗೈಗೆ ಉಜ್ಜಿ ಬಿಸಿ ಮಾಡಿ. ಬಟ್ಟೆಯ ಮೇಲಿಂದ ಕೇಳಬೇಡಿ. ಬಾಯಿ ತೆರೆದು ನಿಧಾನಕ್ಕೆ ಉಸಿರಾಡಿ ಎಂದು ಹೇಳಿ, ಬೆನ್ನಿನಲ್ಲಿ ಮೇಲಿನಿಂದ ಕೆಳಕ್ಕೆ, ಎಡಕ್ಕೊಂದು, ಅದೇ ಮಟ್ಟದಲ್ಲಿ ಬಲಕ್ಕೊಂದು. ರೋಗಿಯ ಎಡಕ್ಕೆ ಅವರ ಬಲವೇ ಹೋಲಿಕೆ, ಪುಸ್ತಕ ಅಲ್ಲ.

ಕಿವಿಯ ಪಕ್ಕದ ಕೂದಲನ್ನು ಎರಡು ಬೆರಳ ನಡುವೆ ಉಜ್ಜಿ ನೋಡಿ. ಆ ಚರಚರ ಶಬ್ದವೇ ಸಣ್ಣ ಕ್ರ್ಯಾಕಲ್ಸ್, ಮುಚ್ಚಿಕೊಂಡ ಪುಟ್ಟ ಗಾಳಿದಾರಿಗಳು ಉಸಿರೆಳೆದಾಗ ಪಟ್ಟನೆ ತೆರೆಯುವುದು. ಎದೆಕೂದಲು ಜಾಸ್ತಿ ಇರುವವರಲ್ಲಿ ಬಿಲ್ಲೆ ಉಜ್ಜಿದರೂ ಇದೇ ಶಬ್ದ ಬರುತ್ತದೆ, ಮೋಸ ಹೋಗಬೇಡಿ. ಕೂದಲನ್ನು ನೀರಿನಿಂದ ಒದ್ದೆ ಮಾಡಿದರೆ ಸಾಕು. ಸೀಟಿಯ ಶಬ್ದ ವೀಝ್, ಕೊಳವೆ ಕಿರಿದಾಗಿದೆ. ಉಬ್ಬಸ ಜೋರಾಗಿದ್ದವರಲ್ಲಿ ಸೀಟಿ ಇದ್ದಕ್ಕಿದ್ದ ಹಾಗೆ ನಿಂತು, ಅವರು ಸುಸ್ತಾಗಿ ತೂಕಡಿಸುತ್ತಿದ್ದರೆ "ಕಮ್ಮಿ ಆಯ್ತು" ಎಂದು ಬರೆಯಬೇಡಿ. ಸೀಟಿ ಊದುವಷ್ಟು ಗಾಳಿಯೂ ಓಡಾಡುತ್ತಿಲ್ಲ. ಅದು ಓಡಿ ಹೋಗಿ ಡಾಕ್ಟರನ್ನು ಕರೆಯುವ ಹೊತ್ತು.

ಹೊಟ್ಟೆಯಲ್ಲಿ ಕ್ರಮ ಬದಲಾಗುತ್ತದೆ: ನೋಡು, ಕೇಳು, ತಟ್ಟು, ಕೊನೆಗೆ ಒತ್ತು. ಮೊದಲೇ ಒತ್ತಿದರೆ ಕರುಳಿನ ಶಬ್ದ ಬದಲಾಗಬಹುದು, ನೋವೂ ಕೆರಳುತ್ತದೆ. ಮಂಡಿ ಮಡಿಸಲಿ, ಹೊಟ್ಟೆ ಸಡಿಲವಾಗುತ್ತದೆ. ಎಲ್ಲಿ ನೋವು ಎಂದು ಮೊದಲೇ ಕೇಳಿ, ಅಲ್ಲಿಂದ ದೂರದಲ್ಲಿ ಶುರು ಮಾಡಿ. ಕೈ ಹೊಟ್ಟೆಯ ಮೇಲಿರಲಿ, ಕಣ್ಣು ಮುಖದ ಮೇಲಿರಲಿ. "ಏನೂ ಇಲ್ಲ" ಎನ್ನುವ ತಾತನ ಹುಬ್ಬು ಗಂಟಿಕ್ಕಿದ್ದು ಅಲ್ಲೇ ಸಿಗುತ್ತದೆ.

ಫೋನ್ ಮಾಡುವಾಗ

ಇಷ್ಟೆಲ್ಲ ನೋಡಿ ಡ್ಯೂಟಿ ಡಾಕ್ಟರಿಗೆ ಫೋನ್ ಮಾಡಿ "ಸರ್, ಪೇಶೆಂಟ್ ಯಾಕೋ ಸರಿ ಇಲ್ಲ" ಎಂದರೆ ಅವರು "ಬರ್ತೀನಿ" ಎಂದು ಇಟ್ಟುಬಿಡುತ್ತಾರೆ. ಫೋನ್ ಎತ್ತುವ ಮೊದಲು ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು ಹೀಗೆ ಹೇಳಿ:

"ಸರ್, ಗಂಡಸರ ವಾರ್ಡು, ಏಳನೇ ಬೆಡ್. ಐವತ್ತು ವರ್ಷ, ನಿನ್ನೆ ಕೆಮ್ಮು ಜ್ವರ ಅಂತ ಅಡ್ಮಿಟ್ ಆದವರು. ಸಂಜೆ ಆರಕ್ಕೆ ಉಸಿರು 22 ಇತ್ತು, ಈಗ 36. ನಾಡಿ 118, ಬಿಪಿ 108-66, ಸ್ಯಾಚುರೇಶನ್ 89. ಒಂದೊಂದೇ ಮಾತು ಆಡ್ತಿದಾರೆ. ಬಲಗಡೆ ಬೆನ್ನಿನ ಕೆಳಗೆ ಉಸಿರಿನ ಶಬ್ದ ಕಮ್ಮಿ ಇದೆ. ಕೂರಿಸಿ ಆಕ್ಸಿಜನ್ ಶುರು ಮಾಡಿದೀವಿ. ನೀವು ಈಗಲೇ ಬಂದು ನೋಡ್ಬೇಕು."

ಅರ್ಧ ನಿಮಿಷದ ಮಾತು. ಯಾರಿಗೆ, ಎಷ್ಟು ಗಂಟೆಗೆ ಹೇಳಿದಿರಿ ಎಂದು ಚಾರ್ಟ್‌ನಲ್ಲಿ ಬರೆಯಿರಿ. ಆಮೇಲೆ ಸ್ಟೂಲ್ ಎಳೆದುಕೊಂಡು ಕೂತು ಇನ್ನೊಂದು ನಿಮಿಷ ಎಣಿಸಿ. ಡಾಕ್ಟರು ಬಂದವರೇ ಮೊದಲು ಕೇಳುವುದು "ಈಗ ಎಷ್ಟಿದೆ?" ಎಂದು.